ಅಂಟುವ ಚಾಕು, ಅಂಟದ ತಟ್ಟೆ

ಮನೆಯಲ್ಲಿ ಒಂದು ಅಯಸ್ಕಾಂತ ಇದ್ದರೆ ಹುಡುಕಿ ತನ್ನಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಬೊಂಬೆಯ ಬೆನ್ನಿಗಿರುವ ಪುಟ್ಟದಾದರೂ ನಡೆಯುತ್ತದೆ. ಕೆಟ್ಟುಹೋದ ಸ್ಪೀಕರಿನಿಂದ ಬಿಚ್ಚಿದ್ದು ಸಿಕ್ಕರೆ ಬಲು ಚೆನ್ನ. ಈಗ ಅಡುಗೆಮನೆಗೆ ನಡೆಯಿರಿ. ಮೊದಲು ಊಟದ ಸ್ಟೀಲ್ ತಟ್ಟೆಯ ನಡುವಿಗೆ ಹಿಡಿದು ನೋಡಿ. ಹೆಚ್ಚಿನ ಮನೆಗಳಲ್ಲಿ ಅಂಟುವುದಿಲ್ಲ, ಜಾರಿ ಬೀಳುತ್ತದೆ. ಇನ್ನು ತರಕಾರಿ ಹೆಚ್ಚುವ ಸ್ಟೀಲ್ ಚಾಕು. ಅದನ್ನು ನೀವು ಎತ್ತಬೇಡಿ. ಅಮ್ಮನಿಗೋ ಅಪ್ಪನಿಗೋ ಹೇಳಿ ಮೇಜಿನ ಮೇಲೆ ಮಲಗಿಸಿ, ಅಲಗಿನ ಚಪ್ಪಟೆ ಭಾಗಕ್ಕೆ ಅಯಸ್ಕಾಂತ ತಾಗಿಸಿ. ಟಕ್ ಎಂದು ಕಚ್ಚಿಕೊಳ್ಳುತ್ತದೆ. ಕೊನೆಗೆ ಒಂದು ರೂಪಾಯಿ ನಾಣ್ಯ. ಅದೂ ಅಂಟುತ್ತದೆ.

ತಟ್ಟೆ, ಚಾಕು, ನಾಣ್ಯ ಮೂರೂ ಸ್ಟೇನ್‌ಲೆಸ್ ಸ್ಟೀಲೇ. ಮೂರೂ ಹೊಳೆಯುತ್ತವೆ, ಮೂರಕ್ಕೂ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ತಟ್ಟೆಯ ತಗಡನ್ನು ಕತ್ತರಿಸಿ ಎಷ್ಟೇ ಮಸೆದರೂ ಒಳ್ಳೆಯ ಚಾಕು ಆಗದು. ಟೊಮ್ಯಾಟೊ ಹೆಚ್ಚುವಷ್ಟರಲ್ಲಿ ಮೊಂಡಾಗಿ ಕೂರುತ್ತದೆ. ನಾಣ್ಯದ ಉಕ್ಕಿನದೂ ಅದೇ ಕಥೆ. ಹೊಳಪು ಒಂದೇ, ಹೆಸರು ಒಂದೇ, ಆದರೂ ಒಂದು ಕೊಯ್ಯುತ್ತದೆ, ಎರಡು ಕೊಯ್ಯುವುದಿಲ್ಲ. ಅದು ಯಾಕೆ?

ಭದ್ರಾವತಿಯ ನ್ಯೂ ಟೌನಿನಲ್ಲಿ ಕೂತು ಉಕ್ಕಿನ ಮಾತು ಆಡುವುದಕ್ಕೆ ಕೊಂಚ ಧೈರ್ಯ ಬೇಕು. ಇದು ಉಕ್ಕಿನ ಕಾರ್ಖಾನೆಯವರಿಗಾಗಿಯೇ ಎದ್ದ ಬಡಾವಣೆ. ಅಜ್ಜನೋ ದೊಡ್ಡಪ್ಪನೋ ಕುಲುಮೆಯ ಮುಂದೆ ದುಡಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ನಾನು ತಪ್ಪು ಹೇಳಿದರೆ ಅವರು ಜಗಲಿಯಿಂದಲೇ ತಿದ್ದಿಯಾರು. ಹಾಗಾಗಿ ಅವರ ಕಾರ್ಖಾನೆಯಿಂದಲೇ ಶುರು ಮಾಡೋಣ.

ಈಗ ವಿಐಎಸ್ಎಲ್ ಎಂದು ಕರೆಯುವ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಆರಂಭಿಸಿದಾಗ ಅದರ ಹೆಸರಿನಲ್ಲಿ ಕಬ್ಬಿಣದ ಜೊತೆ ಮರವೂ ಇತ್ತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವುದು, ಆ ಇದ್ದಿಲಿನಿಂದ ಅದಿರು ಕರಗಿಸುವುದು, ಮರದಿಂದ ಹೊರಟ ಆವಿಯನ್ನೂ ಬಿಡದೆ ಹಿಡಿದು ಡಾಂಬರು, ಮರದ ಸ್ಪಿರಿಟ್ಟು ಮುಂತಾದವನ್ನು ತೆಗೆಯುವುದು. ಬೇರೆ ಕಡೆ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಉರಿಸುತ್ತಿದ್ದರು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ಮಲೆನಾಡಿನ ಕಾಡು ಇತ್ತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಬರುತ್ತಿತ್ತು, ನೀರು ಪಕ್ಕದ ಭದ್ರೆಯದು. ಆರಂಭದ ವರ್ಷಗಳಲ್ಲಿ ನಷ್ಟ ಕಾಡಿದಾಗ ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಹೊಣೆ ಹೊತ್ತು ಕಾರ್ಖಾನೆಯನ್ನು ನಿಲ್ಲಿಸಿದರು, ಅಂದರೆ ಎತ್ತಿ ನಿಲ್ಲಿಸಿದರು. ಮುಂದೆ ಅವರ ಹೆಸರೇ ಕಾರ್ಖಾನೆಗೆ ಬಂತು. ಅಷ್ಟೊಂದು ಮರ ಕಡಿದದ್ದು ಸರಿಯೇ ಎಂದು ನೀವು ಕೇಳಬಹುದು, ಕೇಳಲೇಬೇಕು. ಆದರೆ ಅದು ಇನ್ನೊಂದು ದಿನದ ಮಾತು. ಇವತ್ತು ನಮಗೆ ಬೇಕಾಗಿರುವುದು ಆ ಮರದೊಳಗಿನ ಇಂಗಾಲ ಮಾತ್ರ.

ಅದಿರು ಅಂದರೆ ಆಮ್ಲಜನಕ ಸೇರಿಕೊಂಡ ಕಬ್ಬಿಣ. ಕುಲುಮೆಯ ಕಾವಿನಲ್ಲಿ ಇದ್ದಿಲಿನ ಇಂಗಾಲ ಆ ಆಮ್ಲಜನಕವನ್ನು ಎಳೆದುಕೊಂಡು ಗಾಳಿಗೆ ಹೋಗುತ್ತದೆ. ಕಬ್ಬಿಣ ಕರಗಿ ತಳಕ್ಕೆ ಇಳಿಯುತ್ತದೆ. ಇಳಿಯುವಾಗ ಒಂದಿಷ್ಟು ಇಂಗಾಲವನ್ನು ತನ್ನೊಳಗೇ ಕರಗಿಸಿಕೊಳ್ಳುತ್ತದೆ, ನೂರು ಗ್ರಾಮಿಗೆ ಸುಮಾರು 4 ಗ್ರಾಂ. ಇಷ್ಟು ಇಂಗಾಲ ಇದ್ದರೆ ಕಬ್ಬಿಣ ಪೆಡಸು. ಸುತ್ತಿಗೆ ಬಿದ್ದರೆ ಒಡೆಯುತ್ತದೆ. ಇಂಗಾಲವೇ ಇಲ್ಲದಿದ್ದರೆ ಮೆದು, ಬಾಗುತ್ತದೆ. ಇವೆರಡರ ನಡುವೆ ಇರುವುದೇ ಉಕ್ಕು. ಚಾಕುವಿನ ಅಲಗಿಗೆ ನೂರು ಗ್ರಾಮಿನಲ್ಲಿ ಅರ್ಧದಿಂದ ಒಂದು ಗ್ರಾಂ ಇಂಗಾಲ ಸಾಕು. ಒಂದು ಗ್ರಾಂ ಅಂದರೆ ಒಂದು ಚಿಟಿಕೆ, ಆದರೂ ಅದು ಇಲ್ಲದೆ ಹರಿತ ಇಲ್ಲ.

ಈ ಗುಟ್ಟು ನಮ್ಮ ಸೀಮೆಗೆ ಹೊಸದಲ್ಲ. 1800ರ ಹೊತ್ತಿಗೆ ಮೈಸೂರು ರಾಜ್ಯವನ್ನು ಊರೂರು ಸುತ್ತಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ, ಇಲ್ಲಿ ಉಕ್ಕು ಮಾಡುತ್ತಿದ್ದುದನ್ನು ಕಣ್ಣಾರೆ ಕಂಡ. ಮಣ್ಣಿನ ಪುಟ್ಟ ಮೂಸೆಯೊಳಗೆ ಮೆದು ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಒಣ ಕಟ್ಟಿಗೆ, ಒಂದೆರಡು ಹಸಿರೆಲೆ. ಮೂಸೆಯ ಬಾಯಿಯನ್ನು ಮಣ್ಣಿನಿಂದ ಮೆತ್ತಿ, ತಿದಿ ಒತ್ತಿ ಗಂಟೆಗಟ್ಟಲೆ ಕಾಯಿಸುವುದು. ತಂಗಡಿ ನಿಮಗೆ ಗೊತ್ತು, ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಗಿಡ. ಅದರ ಕಟ್ಟಿಗೆಯ ಇಂಗಾಲ ಕಬ್ಬಿಣದೊಳಗೆ ಇಳಿದು ಉಕ್ಕಾಗುತ್ತಿತ್ತು. ಇಂಗಾಲ ಎಂಬ ಧಾತು ಇದೆ ಎಂದು ಆ ಕಮ್ಮಾರರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೂ ಬಿದ್ದಿರಲಿಲ್ಲ ಅನ್ನಿ.

ಆದರೆ ಇಂಗಾಲ ಸೇರಿದರೆ ಮುಗಿಯಲಿಲ್ಲ. ಹದ ಆಗಬೇಕು. ಕುಲುಮೆಯಲ್ಲಿ ಕತ್ತಿಯನ್ನು ಕೆಂಪಗೆ ಕಾಯಿಸಿ ಕಮ್ಮಾರರು ಚುಂಯ್ ಎಂದು ನೀರಿಗೆ ಅದ್ದುವುದನ್ನು ನೋಡಿದ್ದೀರಾ? ಆ ಒಂದು ಕ್ಷಣದಲ್ಲಿ ಏನಾಗುತ್ತದೆ ಎನ್ನುವುದು ಬಹಳ ಚೆಂದದ ವಿಷಯ. ಕಬ್ಬಿಣದ ಪರಮಾಣುಗಳು ತಣ್ಣಗಿದ್ದಾಗ ಒಂದು ಬಗೆಯಲ್ಲಿ ಸಾಲುಗಟ್ಟಿ ನಿಂತಿರುತ್ತವೆ, ಚೆನ್ನಾಗಿ ಕಾದಾಗ ಇನ್ನೊಂದು ಬಗೆಯಲ್ಲಿ. ಕಾದಾಗಿನ ಜೋಡಣೆಯಲ್ಲಿ ಇಂಗಾಲದ ಪರಮಾಣುವಿಗೆ ನುಸುಳಿ ಕೂರಲು ಎಡೆ ಇರುತ್ತದೆ. ತಣ್ಣಗಿನ ಜೋಡಣೆಯಲ್ಲಿ ಎಡೆ ಸಾಲದು. ನಿಧಾನವಾಗಿ ಆರಲು ಬಿಟ್ಟರೆ ಇಂಗಾಲ ಸಾವಕಾಶವಾಗಿ ಹೊರಗೆ ಸರಿದು ತನ್ನ ಪಾಡಿಗೆ ಬೇರೆ ಗುಂಪು ಕಟ್ಟಿಕೊಳ್ಳುತ್ತದೆ. ನೀರಿಗೆ ಅದ್ದಿದಾಗ ಸರಿಯಲು ಸಮಯವೇ ಸಿಗುವುದಿಲ್ಲ, ಇದ್ದಲ್ಲೇ ಸಿಕ್ಕಿಬೀಳುತ್ತದೆ. ಶಾಲೆ ಬಿಡುವ ಹೊತ್ತಿನ ಶಿವಮೊಗ್ಗ–ಭದ್ರಾವತಿ ಬಸ್ಸು ನೆನೆದುಕೊಳ್ಳಿ. ಎಲ್ಲರೂ ಚೀಲ ಸಮೇತ ನುಗ್ಗಿದ ಮೇಲೆ ಕಂಡಕ್ಟರ್ ಬಾಗಿಲು ಹಾಕಿಬಿಟ್ಟರೆ ಒಳಗಿದ್ದವರು ಅರ್ಧ ಅಡಿ ಸರಿಯಲಾರರು. ಉಕ್ಕಿನಲ್ಲೂ ಹಾಗೆಯೇ. ಲೋಹ ಬಾಗುವುದೆಂದರೆ ಪರಮಾಣುಗಳ ಸಾಲು ಒಂದರ ಮೇಲೊಂದು ಜಾರುವುದು. ನಡುನಡುವೆ ಇಂಗಾಲ ಸಿಕ್ಕಿಕೊಂಡಿದ್ದರೆ ಜಾರಲಾಗದು. ಜಾರದ ಲೋಹವೇ ಗಟ್ಟಿ ಲೋಹ. ಹೀಗೆ ಬಿಗಿದುಕೊಂಡ ಜೋಡಣೆಗೆ ಮಾರ್ಟೆನ್ಸೈಟ್ ಎಂದು ಹೆಸರು, ಅಡಾಲ್ಫ್ ಮಾರ್ಟೆನ್ಸ್ ಎಂಬ ಜರ್ಮನ್ ವಿಜ್ಞಾನಿಯ ನೆನಪಿಗೆ.

ಬಿಗಿ ಅತಿಯಾದರೆ ಅಲಗು ಗಾಜಿನಷ್ಟು ಪೆಡಸಾಗುತ್ತದೆ. ಅದಕ್ಕೆ ಕಮ್ಮಾರರು ಅದ್ದಿದ ಕತ್ತಿಯನ್ನು ಮತ್ತೆ ಕೊಂಚ ಬಿಸಿ ಮಾಡಿ ಬಿಗಿ ಸಡಿಲಿಸುತ್ತಾರೆ. ಎಷ್ಟು ಬಿಸಿ ಎನ್ನುವುದನ್ನು ಅಲಗಿನ ಮೇಲೆ ಮೂಡುವ ಬಣ್ಣ ಹೇಳುತ್ತದೆ: ಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ. ಥರ್ಮಾಮೀಟರ್ ಇಲ್ಲದೆ ಬರೀ ಕಣ್ಣಳತೆಯಲ್ಲಿ ಈ ಕೆಲಸ ಮಾಡುವವರನ್ನು ಕಂಡರೆ ನನಗೆ ಯಾವತ್ತೂ ಬೆರಗು.

ಇಂಥ ಉಕ್ಕಿನ ಮೆಟ್ಟುಗತ್ತಿ ಇನ್ನೂ ಮಲೆನಾಡಿನ ಮನೆಗಳಲ್ಲಿದೆ. ಅಡಿಕೆ ಸುಲಿಯುವ ಕಾಲದಲ್ಲಿ ಸಾಲಾಗಿ ಕೂತು ರಾತ್ರಿಯವರೆಗೆ ಸುಲಿಯುತ್ತಿದ್ದುದು ಇದರಲ್ಲೇ. ಹರಿತಕ್ಕೆ ಎರಡು ಮಾತಿಲ್ಲ. ಆದರೆ ಹಸಿ ಅಡಿಕೆಯನ್ನೋ ಬಾಳೆಕಾಯಿಯನ್ನೋ ಕೊಯ್ದ ಸ್ವಲ್ಪ ಹೊತ್ತಿಗೆ ಅಲಗೂ ಕಪ್ಪು, ಬೆರಳೂ ಕಪ್ಪು. ಅವುಗಳ ಒಗರಿನಲ್ಲಿ ಟ್ಯಾನಿನ್ ಎಂಬ ವಸ್ತು ಇದೆ. ಅದು ಕಬ್ಬಿಣದ ಜೊತೆ ಸೇರಿದರೆ ಶಾಯಿಯಂಥ ಕಪ್ಪು ಬಣ್ಣ ಹುಟ್ಟುತ್ತದೆ. ಶಾಯಿಯಂಥ ಎಂದದ್ದು ಸುಮ್ಮನೆ ಅಲ್ಲ, ಹಿಂದೆ ಯುರೋಪಿನಲ್ಲಿ ಬರೆಯುವ ಶಾಯಿಯನ್ನು ಇದೇ ರೀತಿ ಮಾಡುತ್ತಿದ್ದರು. ನೀವೂ ನೋಡಬಹುದು. ಹಾಲು ಹಾಕದ ಕಡು ಚಹಾ ಎರಡು ಲೋಟದಲ್ಲಿ ಇಡಿ. ಒಂದಕ್ಕೆ ಉಜ್ಜಿ ತೊಳೆದ ಕಬ್ಬಿಣದ ಮೊಳೆ, ಇನ್ನೊಂದಕ್ಕೆ ಸ್ಟೀಲ್ ಚಮಚ. ಮರುದಿನ ಬೆಳಿಗ್ಗೆ ಮೊಳೆಯ ಲೋಟ ಮಸಿ ನೀರಿನ ಹಾಗಿರುತ್ತದೆ, ಚಮಚದ್ದು ಇದ್ದ ಹಾಗೇ ಇರುತ್ತದೆ. ಆ ಚಹಾ ಕುಡಿಯಬೇಡಿ, ಗಿಡದ ಬುಡಕ್ಕೆ ಚೆಲ್ಲಿ.

ಒಗರು ಬಿಡಿ, ಬರೀ ನೀರು ಸಾಕು. ಮೆಟ್ಟುಗತ್ತಿಯನ್ನು ತೊಳೆದು ಒರೆಸದೆ ಇಟ್ಟರೆ ಮಳೆಗಾಲದಲ್ಲಿ ಒಂದೇ ರಾತ್ರಿಗೆ ಕೆಂಪು ತುಕ್ಕು. ತುಕ್ಕು ಅಂದರೆ ಕಬ್ಬಿಣವು ನೀರು ಮತ್ತು ಆಮ್ಲಜನಕದ ಜೊತೆ ಸೇರಿ ಮತ್ತೆ ಅದಿರಿನ ಹತ್ತಿರಕ್ಕೆ ಹೋಗುವುದು. ಕೆಮ್ಮಣ್ಣುಗುಂಡಿಯ ಮಣ್ಣಿನ ಬಣ್ಣವೂ ತುಕ್ಕಿನ ಬಣ್ಣವೂ ಒಂದೇ ಜಾತಿಯವು. ತುಕ್ಕು ಉಬ್ಬಿಕೊಂಡು ಪುಡಿಪುಡಿಯಾಗಿ ಉದುರುತ್ತದೆ, ಅದರ ಸಂದಿಯಿಂದ ನೀರು ಗಾಳಿ ಒಳಗೆ ಇಳಿದು ಕೆಳಗಿನ ಕಬ್ಬಿಣವನ್ನೂ ತಿನ್ನುತ್ತದೆ.

ಇಲ್ಲಿ ಕ್ರೋಮಿಯಂ ಬರಬೇಕು. ಇದೂ ಒಂದು ಲೋಹ. ಇದರ ಅದಿರಿಗೆ ಕ್ರೋಮೈಟ್ ಎನ್ನುತ್ತಾರೆ. ನಮ್ಮ ದೇಶದ ಕ್ರೋಮೈಟ್ ಬಹುಪಾಲು ಒಡಿಶಾದ ಸುಕಿಂದಾ ಕಣಿವೆಯದು, ಆದರೆ ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲೂ ನಿಕ್ಷೇಪ ಇದೆ. ಕ್ರೋಮಿಯಂ ಕೂಡ ಗಾಳಿಗೆ ಸಿಕ್ಕ ತಕ್ಷಣ ಆಮ್ಲಜನಕದ ಜೊತೆ ಸೇರುತ್ತದೆ, ಕಬ್ಬಿಣಕ್ಕಿಂತ ಬೇಗ. ಅಂದರೆ ಅದಕ್ಕೂ ಒಂದು ರೀತಿಯಲ್ಲಿ ತುಕ್ಕು ಹಿಡಿಯುತ್ತದೆ! ವ್ಯತ್ಯಾಸ ಏನೆಂದರೆ ಅದರ ತುಕ್ಕು ಉದುರುವುದಿಲ್ಲ. ಮೇಲ್ಮೈಗೆ ಬಿಗಿಯಾಗಿ ಅಂಟಿ ಕೂತು ಗಾಳಿ ನೀರು ಎರಡನ್ನೂ ತಡೆಯುತ್ತದೆ. ಕಬ್ಬಿಣದಲ್ಲಿ ನೂರಕ್ಕೆ ಸುಮಾರು 11 ಪಾಲು ಕ್ರೋಮಿಯಂ ಬೆರೆತರೆ ಈ ಪದರ ಎಲ್ಲೂ ಬಿರುಕಿಲ್ಲದೆ ಮೂಡುತ್ತದೆ.

ಎಷ್ಟು ದಪ್ಪ ಇದ್ದೀತು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಎನ್ನುತ್ತಾರೆ. ಪದರದ ದಪ್ಪ ಅಂಥ ಎರಡು ಮೂರು ನ್ಯಾನೋಮೀಟರ್. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಬರಬೇಕಾದರೆ ಇಂಥ 30–40 ಸಾವಿರ ಪದರ ಒಂದರ ಮೇಲೊಂದು ಪೇರಿಸಬೇಕು. ಆದ್ದರಿಂದಲೇ ಅದು ಕಣ್ಣಿಗೆ ಕಾಣುವುದಿಲ್ಲ, ನಮಗೆ ಕಾಣುವುದು ಕೆಳಗಿನ ಲೋಹದ ಹೊಳಪು. ತೆಂಗಿನ ನಾರು ಹಾಕಿ ತಿಕ್ಕಿದರೆ ಪದರ ಗೀರಿಹೋಗುತ್ತದೆ ನಿಜ, ಆದರೆ ಗೀರಿದ ಜಾಗಕ್ಕೆ ಗಾಳಿ ತಾಗಿದೊಡನೆ ಹೊಸ ಪದರ ತಾನಾಗಿ ಕಟ್ಟಿಕೊಳ್ಳುತ್ತದೆ. ಬಣ್ಣ ಬಳಿದ ಕಬ್ಬಿಣದ ಗೇಟಿಗೆ ಈ ಭಾಗ್ಯ ಇಲ್ಲ.

ಹಾಗಾದರೆ ಕೆಲಸ ಸುಲಭ ಅನ್ನಿಸುತ್ತದೆ. ಗಟ್ಟಿತನಕ್ಕೆ ಇಂಗಾಲ, ತುಕ್ಕು ತಡೆಯಲು ಕ್ರೋಮಿಯಂ. ಎರಡನ್ನೂ ಧಾರಾಳವಾಗಿ ಸುರಿದರೆ ಅದ್ಭುತ ಚಾಕು. ಇಲ್ಲೇ ತಕರಾರು ಇರುವುದು. ಇಂಗಾಲಕ್ಕೂ ಕ್ರೋಮಿಯಂಗೂ ಪರಸ್ಪರ ಬಹಳ ಸೆಳೆತ. ಒಂದೇ ಉಕ್ಕಿನಲ್ಲಿ ಇಟ್ಟರೆ ಎರಡೂ ಸೇರಿ ಕಾರ್ಬೈಡ್ ಎಂಬ ಸಣ್ಣ ಸಣ್ಣ ಕಣಗಳಾಗಿ ಕೂರುತ್ತವೆ. ಕಣದೊಳಗೆ ಸೇರಿಹೋದ ಕ್ರೋಮಿಯಂ ಪದರ ಕಟ್ಟಲು ಬರುವುದಿಲ್ಲ.

ಇದನ್ನು ಬಾಯಿಲೆಕ್ಕದಲ್ಲೇ ನೋಡಬಹುದು. ಚಾಕುವಿನ ಉಕ್ಕಿನಲ್ಲಿ ಹೆಚ್ಚಾಗಿ ಕಾಣುವ ಕಾರ್ಬೈಡಿನಲ್ಲಿ 7 ಕ್ರೋಮಿಯಂ ಪರಮಾಣುಗಳಿಗೆ 3 ಇಂಗಾಲದ ಪರಮಾಣುಗಳು. ಕ್ರೋಮಿಯಂ ಪರಮಾಣುವಿನ ತೂಕ 52, ಇಂಗಾಲದ್ದು 12. ಏಳು ಐವತ್ತೆರಡಲಿ 364, ಮೂರು ಹನ್ನೆರಡಲಿ 36. ಅಂದರೆ 1 ಗ್ರಾಂ ಇಂಗಾಲ ಹತ್ತು ಗ್ರಾಂ ಕ್ರೋಮಿಯಮ್ಮನ್ನು ಎಳೆದುಕೊಂಡು ಹೋಗಬಲ್ಲದು!

ಈಗ 440ಸಿ ಎಂಬ ಹೆಸರಾಂತ ಚಾಕು ಉಕ್ಕನ್ನು ತೆಗೆದುಕೊಳ್ಳಿ. ನೂರು ಗ್ರಾಮಿನಲ್ಲಿ ಸುಮಾರು 17 ಗ್ರಾಂ ಕ್ರೋಮಿಯಂ, 1 ಗ್ರಾಂ ಇಂಗಾಲ. ಇಂಗಾಲವೆಲ್ಲ ಕಾರ್ಬೈಡ್ ಆದರೆ ಹತ್ತು ಗ್ರಾಂ ಕ್ರೋಮಿಯಂ ಹೋಯಿತು, ಉಳಿದದ್ದು ಏಳು. ಬೇಕಾದದ್ದು ಹನ್ನೊಂದು. ಹದ ಮಾಡದೆ ಹಾಗೇ ಬಿಟ್ಟ 440ಸಿ ನಿಜಕ್ಕೂ ತುಕ್ಕಿಗೆ ಬೇಗ ಸೋಲುತ್ತದೆ. ಅದಕ್ಕೆ ಅದನ್ನು 1000 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯಿಸುತ್ತಾರೆ. ಆ ಕಾವಿನಲ್ಲಿ ಕಾರ್ಬೈಡ್ ಕಣಗಳಲ್ಲಿ ಒಂದಷ್ಟು ಕರಗಿ ಇಂಗಾಲವೂ ಕ್ರೋಮಿಯಮ್ಮೂ ಕಬ್ಬಿಣದೊಳಗೆ ಹರಡಿಕೊಳ್ಳುತ್ತವೆ. ಮತ್ತೆ ಗುಂಪು ಕಟ್ಟುವ ಮೊದಲೇ ಬೇಗ ತಣಿಸಿಬಿಡುತ್ತಾರೆ. ಒಂದೇ ಹದದಲ್ಲಿ ಎರಡು ಕೆಲಸ: ಸಿಕ್ಕಿಬಿದ್ದ ಇಂಗಾಲ ಗಟ್ಟಿತನ ಕೊಡುತ್ತದೆ, ಬಿಡುಗಡೆಯಾದ ಕ್ರೋಮಿಯಂ ಪದರ ಕಟ್ಟುತ್ತದೆ. ಕರಗದೆ ಉಳಿದ ಕಣಗಳೂ ದಂಡವಲ್ಲ. ಅವು ಸುತ್ತಲಿನ ಉಕ್ಕಿಗಿಂತ ಗಟ್ಟಿ, ಅಂಚು ಬೇಗ ಸವೆಯದ ಹಾಗೆ ನೋಡಿಕೊಳ್ಳುತ್ತವೆ. ಆದರೆ ದಪ್ಪ ದಪ್ಪ ಕಣಗಳಾದರೆ ತೆಳು ಅಂಚಿನಿಂದ ಕಿತ್ತು ಬರುತ್ತವೆ. ಅದಕ್ಕೇ ಗಡ್ಡ ಹೆರೆಯುವ ಬ್ಲೇಡಿಗೆ 440ಸಿ ಹಾಕುವುದಿಲ್ಲ, ಇಂಗಾಲ 0.65, ಕ್ರೋಮಿಯಂ 13ರ ಆಸುಪಾಸಿನ, ಕಣಗಳು ಅತಿ ಸಣ್ಣಗಿರುವ ಉಕ್ಕು ಬೇಕು.

ನಿಮ್ಮ ಒಂದು ರೂಪಾಯಿ ನಾಣ್ಯದಲ್ಲೂ ನೂರಕ್ಕೆ 17 ಪಾಲು ಕ್ರೋಮಿಯಂ ಇದೆ, ಉಳಿದ 83 ಪಾಲು ಕಬ್ಬಿಣ. ದುಬಾರಿ ಚಾಕುವಿಗೂ ನಾಣ್ಯಕ್ಕೂ ಕ್ರೋಮಿಯಂ ಅಷ್ಟಕ್ಕಷ್ಟೇ. ನಾಣ್ಯದಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಸಿಕ್ಕಿಬೀಳಲು ಒಳಗೆ ಯಾರೂ ಇರುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಟಂಕಸಾಲೆಗೆ ಬೇಕಾಗಿರುವುದೂ ಅದೇ, ಅಚ್ಚು ಒತ್ತಿದರೆ ಸಿಂಹ ಚೆನ್ನಾಗಿ ಮೂಡಬೇಕಲ್ಲ.

ಈ ಹತ್ತಕ್ಕೊಂದರ ಲೆಕ್ಕ ತಿಳಿಯದೆ ಜಗತ್ತು ಸುಮಾರು ತೊಂಬತ್ತು ವರ್ಷ ತಡಕಾಡಿತು. 1820ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನಿದ್ದ. ಭಾರತದಿಂದ ಬರುತ್ತಿದ್ದ ಮೂಸೆ ಉಕ್ಕೆಂದರೆ ಅವನಿಗೆ ಪ್ರಾಣ. ಅಂಥದ್ದನ್ನು ತಾನೂ ಮಾಡಬೇಕೆಂದು ಒಬ್ಬ ತರುಣ ವಿಜ್ಞಾನಿಯನ್ನು ಜೊತೆ ಮಾಡಿಕೊಂಡ. ಆ ತರುಣ ಮೈಕೆಲ್ ಫ್ಯಾರಡೆ! ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಫ್ಯಾರಡೆ. ಇಬ್ಬರೂ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಎಂದು ಸಿಕ್ಕ ಲೋಹವನ್ನೆಲ್ಲ ಬೆರೆಸಿದರು, ಕ್ರೋಮಿಯಮ್ಮನ್ನೂ ಬಿಡಲಿಲ್ಲ. 1821ರಲ್ಲಿ ಫ್ರಾನ್ಸಿನ ಪಿಯರ್ ಬರ್ತಿಯೆ, ಕ್ರೋಮಿಯಂ ಹೆಚ್ಚಾಗಿ ಬೆರೆತ ಕಬ್ಬಿಣವನ್ನು ಆಮ್ಲ ಅಷ್ಟಾಗಿ ತಿನ್ನದು ಎಂದು ಕಂಡ. ಚಾಕು ಚೂರಿಗಳಿಗೆ ಕ್ರೋಮಿಯಂ ಉಕ್ಕು ಒದಗೀತು ಎಂದೂ ಸೂಚಿಸಿದ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆ ಕಾಲದಲ್ಲಿ ಕ್ರೋಮಿಯಮ್ಮನ್ನು ಅದಿರಿನಿಂದ ಬಿಡಿಸುತ್ತಿದ್ದುದು ಇದ್ದಿಲಿನಿಂದ. ಹಾಗಾಗಿ ಕ್ರೋಮಿಯಂ ಜೊತೆಗೆ ರಾಶಿ ಇಂಗಾಲವೂ ಉಕ್ಕಿಗೆ ಬರುತ್ತಿತ್ತು. ಬಂದ ಉಕ್ಕು ಪೆಡಸು. 1892ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಇಂಥ ಉಕ್ಕನ್ನು ಗಂಧಕಾಮ್ಲದಲ್ಲಿ ಪರೀಕ್ಷಿಸಿ, ಕ್ರೋಮಿಯಮ್ಮಿನಿಂದ ಲಾಭ ಇಲ್ಲ, ಕೇಡೇ ಹೆಚ್ಚು ಎಂಬ ತೀರ್ಮಾನಕ್ಕೆ ಬಂದ. ಆತ ದೊಡ್ಡ ಲೋಹವಿಜ್ಞಾನಿ. ದೊಡ್ಡವರು ಇಲ್ಲ ಎಂದರೆ ಉಳಿದವರು ಆ ಕಡೆ ತಿರುಗಿ ನೋಡುವುದು ಕಡಿಮೆ. ಮುಂದೆ 1890ರ ದಶಕದಲ್ಲೇ ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ ಇದ್ದಿಲಿನ ಬದಲು ಅಲ್ಯೂಮಿನಿಯಂ ಪುಡಿ ಬಳಸಿ ಇಂಗಾಲ ಇಲ್ಲದ ಕ್ರೋಮಿಯಂ ತೆಗೆಯುವ ದಾರಿ ತೋರಿಸಿದ ಮೇಲೆ ಗಂಟು ಬಿಚ್ಚತೊಡಗಿತು.

ಚಾಕುವಿನ ಕಥೆಗೆ ಬೇಕಾದವನು ಹ್ಯಾರಿ ಬ್ರಿಯರ್ಲಿ. ಇಂಗ್ಲೆಂಡಿನ ಶೆಫೀಲ್ಡಿನವನು. ಶೆಫೀಲ್ಡ್ ಚಾಕು ಚೂರಿಗೆ ಹೆಸರಾದ ಊರು. ಅಪ್ಪ ಉಕ್ಕು ಕರಗಿಸುವ ಕೆಲಸಗಾರ, ಮನೆಯಲ್ಲಿ ಬಡತನ. ಹನ್ನೆರಡರ ಹುಡುಗ ಶಾಲೆ ಬಿಟ್ಟು ಉಕ್ಕಿನ ಕಂಪನಿಯ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದ. ಅಲ್ಲೇ ಕಲಿತ, ಕೊನೆಗೆ ಸಂಶೋಧನಾಲಯದ ಮುಖ್ಯಸ್ಥನೇ ಆದ. 1912ರಲ್ಲಿ ಅವನ ಮುಂದೆ ಬಂದದ್ದು ಚಾಕುವಿನ ಪ್ರಶ್ನೆ ಅಲ್ಲ, ಬಂದೂಕಿನ ನಳಿಗೆ ಬೇಗ ಸವೆಯುತ್ತದೆ ಎಂಬ ದೂರು. ಕ್ರೋಮಿಯಂ ಬೆರೆಸಿದರೆ ತಡೆದೀತೇ ಎಂದು ಬಗೆಬಗೆಯ ಉಕ್ಕು ಮಾಡಿಸಿದ. 1913ರ ಆಗಸ್ಟಿನಲ್ಲಿ ಕರಗಿಸಿದ ಒಂದು ಉಕ್ಕಿನಲ್ಲಿ ಕ್ರೋಮಿಯಂ 12.8, ಇಂಗಾಲ 0.24 ಇತ್ತು.

ಉಕ್ಕಿನ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ ಮೊದಲು ನುಣ್ಣಗೆ ಉಜ್ಜಿ ಮೇಲೆ ಆಮ್ಲ ಸವರಬೇಕು. ಆಮ್ಲ ಅಲ್ಲಲ್ಲಿ ತಿಂದಾಗ ಗೆರೆಗಳು ಎದ್ದು ಕಾಣುತ್ತವೆ. ಈ ಉಕ್ಕನ್ನು ಆಮ್ಲ ತಿನ್ನಲೇ ಇಲ್ಲ. ಬೇರೆಯವರಾದರೆ ಬೇಸರಪಟ್ಟು ಬದಿಗಿಡುತ್ತಿದ್ದರೋ ಏನೋ. ಚಾಕು ಮಾಡುವ ಊರಲ್ಲಿ ಬೆಳೆದವನಿಗೆ ಕೂಡಲೇ ಹೊಳೆದದ್ದು ಅಡುಗೆಮನೆ. ವಿನೆಗರ್, ನಿಂಬೆರಸ ಹಾಕಿ ನೋಡಿದ. ಕಲೆ ಇಲ್ಲ. ಲೆಕ್ಕ ಹಾಕಿ ನೋಡಿ: 0.24 ಇಂಗಾಲ ಪೂರ್ತಿ ಕಾರ್ಬೈಡ್ ಆದರೂ ಎಳೆದೊಯ್ಯುವುದು 2.4 ಕ್ರೋಮಿಯಂ. ಉಳಿಯುವುದು ಹತ್ತು ಚಿಲ್ಲರೆ. ಹದ ಮಾಡಿದರೆ ಎಳೆದೊಯ್ದದ್ದರಲ್ಲೂ ಹೆಚ್ಚಿನ ಪಾಲು ವಾಪಸು.

ಶೆಫೀಲ್ಡಿನ ಚಾಕು ತಯಾರಕರು ಮೊದಲು ಮೂಗು ಮುರಿದರು. ಹಳೆಯ ಇಂಗಾಲದ ಉಕ್ಕಿಗೆ 800 ಡಿಗ್ರಿಯ ಹತ್ತಿರ ಕಾವು ಸಾಕು; ಅವರ ಕಣ್ಣು ಪಳಗಿದ್ದು ಆ ಕೆಂಪಿಗೆ. ಹೊಸ ಉಕ್ಕು ಅಷ್ಟಕ್ಕೆ ಬಗ್ಗುವುದಿಲ್ಲ, ಸಾವಿರದ ಹತ್ತಿರದ ಕಿತ್ತಳೆ ಬಣ್ಣದವರೆಗೆ ಹೋಗಬೇಕು. ಹಳೆಯ ಅಳತೆಯಲ್ಲೇ ಹದ ಮಾಡಿದ ಚಾಕುಗಳು ತುಕ್ಕು ಹಿಡಿಯಲಿಲ್ಲ, ಆದರೆ ಕೊಯ್ಯಲೂ ಇಲ್ಲ! ಸ್ಟೀಲ್ ಚಾಕು ಮೊಂಡು ಎಂಬ ಅಪವಾದ ಆಗ ಅಂಟಿದ್ದು. ನಮ್ಮ ಊರಿನ ಕುಲುಮೆಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಕತ್ತಿ ಮಾಡಿಕೊಡಿ ಎಂದರೆ ಕಮ್ಮಾರರು ಒಪ್ಪದಿರುವುದಕ್ಕೂ ಇದೇ ಕಾರಣ. ಅವರಿಗೆ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯೇ ವಾಸಿ, ಹೇಳಿದ ಮಾತು ಕೇಳುತ್ತದೆ.

ಇನ್ನು ತಟ್ಟೆಗೆ ಬರೋಣ. ಬ್ರಿಯರ್ಲಿಗಿಂತ ತುಸು ಮೊದಲೇ, 1912ರಲ್ಲಿ, ಜರ್ಮನಿಯ ಕ್ರುಪ್ ಕಂಪನಿಯಲ್ಲಿ ಬೆನ್ನೋ ಸ್ಟ್ರಾಸ್ ಮತ್ತು ಎಡುವರ್ಡ್ ಮಾವ್ರರ್ ಕ್ರೋಮಿಯಂ ಜೊತೆಗೆ ನಿಕಲ್ ಕೂಡ ಸೇರಿಸಿದ್ದರು. ನಿಕಲ್ ಮಾಡುವ ಕೆಲಸ ವಿಚಿತ್ರ. ಕಬ್ಬಿಣದ ಪರಮಾಣುಗಳು ಕಾದಾಗ ಒಂದು ಜೋಡಣೆ, ತಣ್ಣಗಾದಾಗ ಇನ್ನೊಂದು ಎಂದೆನಲ್ಲ. ನಿಕಲ್ ಸಾಕಷ್ಟಿದ್ದರೆ ತಣ್ಣಗಾದ ಮೇಲೂ ಕಾದಾಗಿನ ಜೋಡಣೆಯೇ ಉಳಿದುಬಿಡುತ್ತದೆ. ಇದಕ್ಕೆ ಆಸ್ಟೆನೈಟ್ ಎನ್ನುತ್ತಾರೆ. ಈ ಜೋಡಣೆಯ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಜೋಡಣೆ ಬದಲಾಗುವುದೇ ಇಲ್ಲವಾದ್ದರಿಂದ ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಆದರೆ ಚೆನ್ನಾಗಿ ಹಿಗ್ಗುತ್ತದೆ, ಒತ್ತಿದ ಆಕಾರಕ್ಕೆ ಬರುತ್ತದೆ. ತಟ್ಟೆ, ಲೋಟ, ಡಬ್ಬಿಗೆ ಹೇಳಿಮಾಡಿಸಿದ ಉಕ್ಕು. ಪಾತ್ರೆ ಅಂಗಡಿಯಲ್ಲಿ 304 ಎಂದು ಅಚ್ಚೊತ್ತಿದ್ದರೆ ಅದರಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. ನಿಕಲ್ ದುಬಾರಿ, ಆದ್ದರಿಂದ ಅಗ್ಗದ ಪಾತ್ರೆಗಳಲ್ಲಿ ಅದರ ಬಹುಪಾಲು ಜಾಗಕ್ಕೆ ಮ್ಯಾಂಗನೀಸ್ ಹಾಕುತ್ತಾರೆ. ಅಯಸ್ಕಾಂತ ಅದಕ್ಕೂ ಅಂಟದು, ಹಾಗಾಗಿ ನಿಮ್ಮ ಪರೀಕ್ಷೆಯಿಂದ ಅಗ್ಗದ್ದು ಯಾವುದು, ಒಳ್ಳೆಯದು ಯಾವುದು ಎಂದು ಗೊತ್ತಾಗುವುದಿಲ್ಲ. ಅಂಗಡಿಯವರ ಮುಂದೆ ಜಂಬ ಕೊಚ್ಚಬೇಡಿ.

ಇನ್ನೊಂದು ತಮಾಷೆ. 304ರ ಲೋಟದ ತಳಕ್ಕೆ ಅಂಟದ ಅಯಸ್ಕಾಂತ ಕೆಲವೊಮ್ಮೆ ಮಡಚಿದ ಅಂಚಿಗೆ ಮೆಲ್ಲಗೆ ಅಂಟುತ್ತದೆ. ಯಂತ್ರದಲ್ಲಿ ಒತ್ತಿ ಎಳೆದು ಮಡಚಿದಾಗ ಅಲ್ಲಿನ ಪರಮಾಣುಗಳಲ್ಲಿ ಕೆಲವು ಜೋಡಣೆ ಬದಲಿಸಿ ಮಾರ್ಟೆನ್ಸೈಟ್ ಆಗಿರುತ್ತವೆ. ಬೆಂಕಿಯಿಂದ ಆಗದ್ದು ಪೆಟ್ಟಿನಿಂದ ಆಯಿತು.

ಮಿಶ್ರ ಉಕ್ಕು ಎಂದರೆ ಇದೇ: ಏನು ಬೇಕೋ ಅದಕ್ಕೆ ತಕ್ಕ ಬೆರಕೆ. ಭದ್ರಾವತಿಯ ಕಾರ್ಖಾನೆ ಮುಂದೆ ಹೆಸರು ಮಾಡಿದ್ದೂ ಮಿಶ್ರ ಮತ್ತು ವಿಶೇಷ ಉಕ್ಕುಗಳಲ್ಲೇ, ರೈಲು, ವಾಹನ, ರಕ್ಷಣಾ ಇಲಾಖೆಗಳಿಗೆ ಬೇಕಾದ ಬಗೆಬಗೆಯ ಬೆರಕೆಗಳಲ್ಲಿ. 1989ರಲ್ಲಿ ಅದು ಸೇಲ್ ಎಂಬ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆಯ ಕೈಗೆ ಹೋಯಿತು. ಅದೇ ಸಂಸ್ಥೆಯ ಇನ್ನೊಂದು ಕಾರ್ಖಾನೆ ತಮಿಳುನಾಡಿನ ಸೇಲಂನಲ್ಲಿದೆ. ಸ್ಟೇನ್‌ಲೆಸ್ ಸ್ಟೀಲಿನ ಹಾಳೆಗಳು, ನಾಣ್ಯ ಅಚ್ಚೊತ್ತುವ ಬಿಲ್ಲೆಗಳು ಅಲ್ಲಿಂದ ಬರುತ್ತವೆ.

ಚಾಕು ಕೊಳ್ಳುವಾಗ ಅಲಗಿನ ಮೇಲೆ ಎಕ್ಸ್50 ಎಂದು ಶುರುವಾಗುವ ಉದ್ದನೆಯ ಗುರುತು ಕಂಡರೆ ನೂರಕ್ಕೆ ಅರ್ಧ ಪಾಲು ಇಂಗಾಲ, ಕೊನೆಯಲ್ಲಿ 15 ಇದ್ದರೆ ಅಷ್ಟು ಕ್ರೋಮಿಯಂ. ಜರ್ಮನ್ ಮಾದರಿಯ ಅಡುಗೆ ಚಾಕುಗಳಲ್ಲಿ ಇದು ಸಾಮಾನ್ಯ. ತುಸು ಮೆತ್ತಗೆ, ಬೇಗ ಮೊಂಡಾಗುತ್ತದೆ, ಆದರೆ ನಾಲ್ಕು ಸಲ ಮಸೆದರೆ ಮತ್ತೆ ಹರಿತ. ಜಪಾನಿನವರು ವಿಜಿ10 ಎಂಬ ಉಕ್ಕಿನಲ್ಲಿ ಇಂಗಾಲವನ್ನು ಒಂದರವರೆಗೆ ಏರಿಸುತ್ತಾರೆ. ಹರಿತ ಬಹುಕಾಲ ನಿಲ್ಲುತ್ತದೆ, ಆದರೆ ತೆಂಗಿನ ಚಿಪ್ಪಿಗೆ ಬಡಿದರೆ ಅಂಚು ಚಕ್ಕೆ ಏಳುತ್ತದೆ. ನಮ್ಮ ಅಡುಗೆಮನೆಗೆ ನನ್ನ ಓಟು ಮೊದಲನೆಯದಕ್ಕೆ.

ಎಂಥ ಸ್ಟೀಲ್ ಚಾಕುವಾದರೂ ಉಪ್ಪಿಗೆ ಹೆದರಬೇಕು. ಉಪ್ಪಿನಲ್ಲಿರುವ ಕ್ಲೋರೈಡ್ ಆ ತೆಳು ಪದರವನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಒಡೆದು ಒಳಗೆ ಗುಳಿ ತೋಡುತ್ತದೆ. ಉಪ್ಪಿನಕಾಯಿಗೆ ಮಾವು ಹೆಚ್ಚಿ ಉಪ್ಪು ಸವರಿದ ಕೈಯಲ್ಲೇ ಚಾಕುವನ್ನು ಸಿಂಕಿನಲ್ಲಿ ಬಿಟ್ಟು ಮಲಗಿದರೆ ಬೆಳಿಗ್ಗೆ ಕಂದು ಚುಕ್ಕೆಗಳು ಕಾಣಬಹುದು, ಪಕ್ಕದ ತಟ್ಟೆಗೆ ಏನೂ ಆಗಿರುವುದಿಲ್ಲ. ತಟ್ಟೆಯ ಕ್ರೋಮಿಯಂ ಪೂರ್ತಿ ಅದರದ್ದೇ, ಚಾಕುವಿನದ್ದು ಇಂಗಾಲದ ಜೊತೆ ಹಂಚಿಹೋಗಿದೆ. ಸೈಕಲ್ಲಿನಲ್ಲಿ ಸಾಣೆ ಹಿಡಿಯುವವರು ಬಂದಾಗ ಕಿಡಿ ಹಾರುವ ಅಂಚು ನೀಲಿಗೆ ತಿರುಗುವಷ್ಟು ಒತ್ತದಂತೆ ಹೇಳಿ. ನೀಲಿ ಕಂಡರೆ ಅಷ್ಟು ಜಾಗದ ಹದ ಹೋಯಿತು ಎಂದರ್ಥ.

ಹಾಗಾದರೆ ಇಂಗಾಲದ ಬದಲು ಬೇರೆ ಯಾರನ್ನಾದರೂ ಕೂರಿಸಬಾರದೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಕೂರಿಸಿದ್ದಾರೆ. ಸಾರಜನಕದ ಪರಮಾಣುವೂ ಇಂಗಾಲದಷ್ಟೇ ಪುಟ್ಟದು, ಕಬ್ಬಿಣದ ಸಂದಿಯಲ್ಲಿ ಸಿಕ್ಕಿಕೊಂಡು ಗಟ್ಟಿತನ ಕೊಡಬಲ್ಲದು, ಕ್ರೋಮಿಯಮ್ಮನ್ನು ಇಂಗಾಲದಷ್ಟು ಬೇಗ ಎಳೆದುಕೊಂಡು ಹೋಗುವುದಿಲ್ಲ. ಸಮುದ್ರದೊಳಗೆ ಮುಳುಗುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕೆಲವು ಚಾಕುಗಳನ್ನು ಇಂಥ ಉಕ್ಕಿನಿಂದ ಮಾಡುತ್ತಾರೆ, ಉಪ್ಪುನೀರಿನಲ್ಲೂ ತುಕ್ಕು ಸುಳಿಯುವುದಿಲ್ಲ. ತೊಂದರೆ ಒಂದೇ, ಸಾರಜನಕ ಅನಿಲ. ಕರಗಿದ ಉಕ್ಕು ಆರುವಾಗ ಗುಳ್ಳೆಯಾಗಿ ಹೊರಟುಹೋಗುತ್ತದೆ. ಅದನ್ನು ಹೆಚ್ಚು ಪ್ರಮಾಣದಲ್ಲಿ ಹಿಡಿದಿಡಬೇಕಾದರೆ ಕುಲುಮೆಯನ್ನೇ ಮುಚ್ಚಿ ಭಾರಿ ಒತ್ತಡದಲ್ಲಿ ಕರಗಿಸಬೇಕು, ಅಂಥ ಕುಲುಮೆಗೆ ಖರ್ಚು ಬಹಳ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಪುಕ್ಕಟೆ ಸಿಗುವುದೂ ಇದೇ ಸಾರಜನಕ.